ಇಪ್ಪತ್ತೇಳನೆಯ ಮಹಾರಾಜರೂ ತೋಟಿಯ ಮೊಮ್ಮಗನೂ

ದಸರಾ ಬಂತೆಂದರೆ ನಮ್ಮ ಪತ್ರಿಕೆಗಳ ಕನ್ನಡ ಸೊಂಟ ಬಗ್ಗಿಸಿ ನಿಂತುಬಿಡುತ್ತದೆ. ವರ್ಷವಿಡೀ ಮಂತ್ರಿಗಳನ್ನು ಜಾಡಿಸುವ ವರದಿಗಾರರು ಕೂಡ ಖಾಸಗಿ ದರ್ಬಾರಿನ ದಿನ ಸಿಂಹಾಸನಾರೋಹಣ, ಮಹಾರಾಜರು, ಮಹಾರಾಣಿಯವರು ಎಂಬ ಪದಗಳನ್ನು ಪೆಟ್ಟಿಗೆಯಿಂದ ತೆಗೆದು ಧೂಳು ಕೊಡವುತ್ತಾರೆ. ಅರಮನೆಯವರ ಪೂಜೆ ಅರಮನೆಯವರದು, ಅದರ ತಂಟೆ ನಮಗೆ ಬೇಡ. ನಮ್ಮ ತಕರಾರು ಈ ಭಾಷೆಯ ಮೇಲೆ.

ಲೆಕ್ಕವನ್ನೇ ನೋಡಿ. ಜಯಚಾಮರಾಜ ಒಡೆಯರು 25ನೆಯವರು. ಮೈಸೂರು ಭಾರತದೊಳಗೆ ಸೇರಿದ ಮೇಲೆ ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಗೊತ್ತಾಯಿತು. 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜಧನವೂ ಹೋಯಿತು, ರಾಜರೆಂಬ ಮನ್ನಣೆಯೂ ಹೋಯಿತು. ಲೆಕ್ಕ ಅಲ್ಲಿಗೆ ನಿಲ್ಲಬೇಕಿತ್ತು. ಪತ್ರಿಕೆಗಳು ಎಣಿಸುತ್ತಲೇ ಹೋದವು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 26 ಆದರು. 2013ರ ಡಿಸೆಂಬರಿನಲ್ಲಿ ಅವರು ಮಕ್ಕಳಿಲ್ಲದೆ ತೀರಿಕೊಂಡರು (ತಲಕಾಡಿನ ಶಾಪದ ಕತೆ ಆಗ ಎಷ್ಟು ಕಾಲಂ ತುಂಬಿಸಿತೋ!). 2015ರ ಫೆಬ್ರವರಿಯಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ತೆಗೆದುಕೊಂಡರು. ಮೇ 28ಕ್ಕೆ ಪಟ್ಟಾಭಿಷೇಕ. 27.

ದತ್ತು ಹೊಸದೇನಲ್ಲ. 1865ರಲ್ಲಿ ಮುಮ್ಮಡಿಯವರು ಮಾಡಿಕೊಂಡ ದತ್ತನ್ನು ಬ್ರಿಟಿಷರು ಒಪ್ಪಿದ್ದರಿಂದಲೇ 1881ರಲ್ಲಿ ಆ ಮನೆತನಕ್ಕೆ ರಾಜ್ಯ ವಾಪಸು ಬಂತು. ಆಗ ದತ್ತಿನ ಹಿಂದೆ ಒಂದು ರಾಜ್ಯವಿತ್ತು. ಈಗ ಏನಿದೆ? 2024ರಲ್ಲಿ ಯದುವೀರರು ಮೈಸೂರು-ಕೊಡಗಿನಿಂದ ಲೋಕಸಭೆಗೆ ಗೆದ್ದರು. ಸಂಸದ ಅನ್ನುವುದು ಓಟು ಹಾಕಿದ ಜನ ಕೊಟ್ಟ ಹೆಸರು. ಅದನ್ನು ದಪ್ಪಕ್ಷರದಲ್ಲೇ ಅಚ್ಚು ಹಾಕಲಿ, ನಾವು ಬೇಡ ಅನ್ನುವುದಿಲ್ಲ.

ಈ ಚಾಳಿ ನಮ್ಮದೊಂದೇ ಅಲ್ಲ. 1793ರಲ್ಲಿ ದೊರೆಯ ತಲೆ ಕಡಿದ ಫ್ರಾನ್ಸಿನಲ್ಲಿ 1848ರಿಂದ ರಾಜನಿಲ್ಲ, 1870ರಿಂದ ಚಕ್ರವರ್ತಿಯೂ ಇಲ್ಲ. ಆದರೂ ಇಲ್ಲದ ಸಿಂಹಾಸನಕ್ಕೆ ವಾರಸುದಾರರಿದ್ದಾರೆ! ಬೂರ್ಬನ್ ಮನೆತನದವರೊಬ್ಬರು ಆಂಜೂವಿನ ಡ್ಯೂಕ್ ಅನ್ನಿಸಿಕೊಳ್ಳುತ್ತಾರೆ, ಓರ್ಲಿಯಾನ್ ಮನೆತನದವರು ಪ್ಯಾರಿಸ್ಸಿನ ಕೌಂಟ್. ಆ ಬಿರುದಿಗೂ ಮೂರು ಲಿಲ್ಲಿ ಹೂವಿನ ಲಾಂಛನಕ್ಕೂ ಎರಡು ಮನೆಯವರು ಕೋರ್ಟು ಹತ್ತಿದರು. 1988ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ನಗು ಬರುತ್ತದೆ, ನಿಜ. ಆದರೆ ಅವರು ಕಿತ್ತಾಡಿದ್ದು ಹೂವಿಗೆ. ನಮ್ಮಲ್ಲಿ ಬಿರುದಿನ ಅಡಿಯಲ್ಲಿ ನೆಲ ಇದೆ.

ಮೇಖ್ರಿ ಸರ್ಕಲ್ಲಿಗೆ ಬನ್ನಿ. ಯಲಹಂಕ, ಹೆಬ್ಬಾಳದ ಬಸ್ಸುಗಳು ಅರಮನೆ ಮೈದಾನದ ಪಕ್ಕ ತೆವಳಿಕೊಂಡು ಹೋಗುವ ಜಾಗ ಇದು. ಮೈದಾನ 472 ಎಕರೆ 16 ಗುಂಟೆ. 1996ರಲ್ಲಿ ಕಾಯಿದೆ ಮಾಡಿ ಸರ್ಕಾರ 11 ಕೋಟಿ ಪರಿಹಾರಕ್ಕೆ ಇದನ್ನು ಸ್ವಾಧೀನ ಮಾಡಿಕೊಳ್ಳಹೊರಟಿತು. ವ್ಯಾಜ್ಯ ಸುಪ್ರೀಂ ಕೋರ್ಟು ಮುಟ್ಟಿತು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೇಕಾದದ್ದು 15 ಎಕರೆ 39 ಗುಂಟೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ದರದಲ್ಲಿ ಲೆಕ್ಕ ಹಾಕಿದರೆ ಅಷ್ಟಕ್ಕೇ ಕೊಡಬೇಕಾದ ಅಭಿವೃದ್ಧಿ ಹಕ್ಕುಗಳ, ಅಂದರೆ ಟಿಡಿಆರ್‌ನ, ಬೆಲೆ 3,000 ಕೋಟಿ ದಾಟಿತು. ಯಾರದು ಸರಿ, ಕೋರ್ಟು ಹೇಳಲಿ. ನಮಗೆ ಕಾಣುವುದು ಪದದ ಕೆಲಸ. ಸುದ್ದಿಯಲ್ಲಿ ರಾಜಮನೆತನ ಎಂದು ಬರೆದ ಕೂಡಲೇ ಓದುವವನ ಕಣ್ಣಿಗೆ ಜಮೀನಿನ ದಾವೆ ಕಾಣಿಸುವುದಿಲ್ಲ, ಅಂಬಾರಿ ಕಾಣಿಸುತ್ತದೆ.

ಇನ್ನೊಬ್ಬ ವಾರಸುದಾರನಿದ್ದಾನೆ. ತೋಟಿ, ತಳವಾರ, ನೀರುಗಂಟಿ ಇವೂ ವಂಶಪಾರಂಪರ್ಯದ ಹುದ್ದೆಗಳೇ ತಾನೆ? 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಪಟೇಲ, ಶಾನುಭೋಗರ ಜೊತೆ ಇವನ್ನೂ ರದ್ದು ಮಾಡಿತು. ಚಾಕರಿಗೆಂದು ಬಿಟ್ಟಿದ್ದ ಇನಾಂ ಜಮೀನು ಮರುಮಂಜೂರಾಗಬೇಕು. ತೋಟಿಯ ಮೊಮ್ಮಗ ಕಚೇರಿಗೆ ಹೋದರೆ ಮೊದಲ ಪ್ರಶ್ನೆ: ವಂಶವೃಕ್ಷ ತಂದಿದ್ದೀಯೇನಯ್ಯಾ? ತಾತನ ಹೆಸರು ಒಂದು ಕಾಗದದಲ್ಲಿ ಮುನಿಗ, ಇನ್ನೊಂದರಲ್ಲಿ ಮುನಿಯ, ಮತದಾರರ ಪಟ್ಟಿಯಲ್ಲಿ ಮುನಿಯಪ್ಪ. ಮೂವರೂ ಒಬ್ಬನೇ ಅಂತ ಅವನು ಸಾಬೀತು ಮಾಡಬೇಕು, ಮಹಜರು ಆಗಬೇಕು. ಮಂಜೂರಾದ ಜಮೀನು ಕೈಬಿಟ್ಟು ಹೋಗಿದ್ದರೆ ಬಿಡಿಸಿಕೊಡಲು 1978ರ ಪಿಟಿಸಿಎಲ್ ಕಾಯಿದೆ ಇದೆ. ತಡಮಾಡಿ ಬಂದ ಅರ್ಜಿ ನಡೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮವರು ಬೀದಿಯಲ್ಲಿ ಧರಣಿ ಕೂತ ಮೇಲೆ, 2023ರಲ್ಲಿ, ಕಾಲಮಿತಿ ಇಲ್ಲವೆಂದು ಕಾಯಿದೆ ತಿದ್ದಲಾಯಿತು. 1971ರಲ್ಲಿ ಸತ್ತ ಬಿರುದಿಗೆ ಮಾತ್ರ ಯಾರೂ ಕಾಲಮಿತಿ ಕೇಳಲಿಲ್ಲ.

ನಮ್ಮ ಗೆಳೆಯರೇ ಒಂದು ಮಾತು ಎತ್ತುತ್ತಾರೆ: 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು ನಾಲ್ವಡಿಯವರಲ್ಲವೆ? ಹೌದು. ಕಚೇರಿಗಳಲ್ಲಿ ಒಂದೇ ಜಾತಿ ತುಂಬಿಕೊಂಡಿದ್ದ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ, ಆ ಋಣ ನಮಗೆ ನೆನಪಿದೆ. ಆದರೆ ಅದು ಅವರು ಮಾಡಿದ ಕೆಲಸ, ರಕ್ತದಲ್ಲಿ ಹರಿದು ಬರುವಂಥದ್ದಲ್ಲ. ಅದಕ್ಕೆ ವಾರಸುದಾರರು ಬೇಕೆಂದರೆ ಮೀಸಲಾತಿಯಲ್ಲಿ ಓದಿ ಹಳ್ಳಿಗಳಲ್ಲಿ ಮೇಷ್ಟರಾಗಿರುವ ಹುಡುಗ ಹುಡುಗಿಯರಿದ್ದಾರೆ.

ಆ ಮೇಷ್ಟರುಗಳಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಸಲ ದಸರಾ ಪ್ರಬಂಧ ತಿದ್ದುವಾಗ, ಈಗಿನ ಮಹಾರಾಜರು ಎಂದು ಮಕ್ಕಳು ಬರೆದ ಕಡೆಯಲ್ಲೆಲ್ಲ ಅಡಿಗೆರೆ ಎಳೆದು ಕೆಂಪು ಮಸಿಯಲ್ಲಿ ಕೇಳಿ: ಯಾವ ಇಸವಿ?