ಶಾಲು ಹೊದಿಸಲಾಗದ ಸಾಧನೆ

ನಮ್ಮಲ್ಲಿ ರಂಗಪ್ರಶಸ್ತಿ ಎಂದರೆ ಒಬ್ಬರ ಹೆಸರು. ನಾಟಕ ಅಕಾಡೆಮಿಯ ವಾರ್ಷಿಕ ಗೌರವವಿರಲಿ, ಸರ್ಕಾರದ ಗುಬ್ಬಿ ವೀರಣ್ಣ ಪ್ರಶಸ್ತಿಯಿರಲಿ, ನಟ, ನಿರ್ದೇಶಕ, ನಾಟಕಕಾರರಂಥ ವ್ಯಕ್ತಿಗಳನ್ನೇ ಹುಡುಕಿಕೊಂಡು ಹೋಗುತ್ತದೆ. 1991ರ ಮ್ಯಾಗ್ಸೇಸೆ ಪ್ರಶಸ್ತಿ ಕೂಡ ಬಂದದ್ದು ಕೆ.ವಿ. ಸುಬ್ಬಣ್ಣನವರ ಹೆಸರಿಗೆ. ಅದು ಸಲ್ಲಬೇಕಾದದ್ದೇ. ಆದರೆ 2005ರಲ್ಲಿ ಅವರು ತೀರಿಕೊಂಡ ಮೇಲೂ ಹೆಗ್ಗೋಡಿನಲ್ಲಿ ಅವರು ಕಟ್ಟಿದ ನೀನಾಸಂನ ರಂಗಶಿಕ್ಷಣ ಕೇಂದ್ರ ನಡೆಯಿತು, ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಊರೂರಿಗೆ ಹೊರಟಿತು. 1949ರಲ್ಲಿ ಹುಟ್ಟಿದ ನೀನಾಸಂ ನಿಜವಾಗಿ ಏನನ್ನು ಕಟ್ಟಿತ್ತು ಎಂಬುದು ಗೊತ್ತಾದದ್ದು ಆಗಲೇ. ಅಮೆರಿಕದ ಸಮುದಾಯ ರಂಗಭೂಮಿಗಳ ಸಂಘ ಇಂಥ ಸಾಧನೆಗೆಂದೇ ಒಂದು ಪ್ರಶಸ್ತಿ ಇಟ್ಟಿದೆ: ಸಂಘಟನೆಯಾಗಿ ಒಂದು ಮೆಟ್ಟಿಲು ಮೇಲೇರಿದ ಹವ್ಯಾಸಿ ತಂಡಕ್ಕೆ ಅದು ಸಲ್ಲುತ್ತದೆ. ನಮಗೂ ಅಂಥದ್ದೊಂದು ಬೇಕು ಎನ್ನಲು ನನಗೆ ಕೋಲಾರ ಜಿಲ್ಲೆಗಿಂತ ಒಳ್ಳೆಯ ಸಾಕ್ಷಿ ಕಾಣುವುದಿಲ್ಲ.

ಮಾಲೂರಿನ ಮಾಸ್ತಿ, ಮುಳಬಾಗಿಲಿನ ಡಿವಿಜಿ ಎಂದು ವ್ಯಕ್ತಿಗಳನ್ನು ನೆನೆಯುವುದರಲ್ಲಿ ಈ ಜಿಲ್ಲೆ ಹಿಂದೆ ಬಿದ್ದಿಲ್ಲ. ಕೂಡಿ ಮಾಡಿದ್ದನ್ನು ಮಾತ್ರ ಬರೆದಿಟ್ಟವರು ಕಡಿಮೆ. ಕೇಳಿಕೆಯನ್ನೇ ನೋಡಿ. ಮೂಡಲಪಾಯದ ಬಳಗಕ್ಕೆ ಸೇರಿದ ಈ ಬಯಲಾಟ ಕೋಲಾರ ಸೀಮೆಯ ಸ್ವಂತ ಆಟ. ಅದರ ಜೊತೆಗೆ ಪೌರಾಣಿಕ ನಾಟಕ ಬಂತು. ಆಂಧ್ರದ ಗಡಿಗೆ ತಾಗಿದ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾದವರೂ ಕನ್ನಡದ ಕಂದಪದ್ಯ ಕಲಿತು ಬಣ್ಣ ಹಚ್ಚುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುವುದು, ಪಾತ್ರಕ್ಕಿಷ್ಟು ಎಂದು ಪಾತ್ರಧಾರಿಗಳಿಂದಲೇ ದುಡ್ಡು ಕೂಡಿಸುವುದು, ರಾತ್ರಿ ತಾಲೀಮು, ಸೀನರಿಯವರಿಗೆ ಮುಂಗಡ, ಪೊಲೀಸ್ ಅನುಮತಿ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು. ದುರ್ಯೋಧನನ ಪಾತ್ರಕ್ಕೆ ಕೈಯಿಂದ ಹಣ ಕೊಟ್ಟು ನಿಲ್ಲುವ ರೈತನ ಹುಮ್ಮಸ್ಸಿಗೆ ನಾನು ತಲೆಬಾಗುತ್ತೇನೆ. ಯಾವ ಅನುದಾನವೂ ಇಲ್ಲದೆ ಒಂದು ಊರು ಇಷ್ಟನ್ನು ಮಾಡಿಕೊಳ್ಳುವುದು ಸಣ್ಣ ಮಾತಲ್ಲ.

ಆದರೂ ಈ ಪರಂಪರೆಯ ದೊಡ್ಡ ಕೊರತೆಯೂ ಇಲ್ಲೇ ಇದೆ. ನಾಟಕ ಮುಗಿದ ಬೆಳಗ್ಗೆ ಸೀನರಿ ಲಾರಿ ಏರುತ್ತದೆ, ಸಂಘವೂ ಅಲ್ಲಿಗೆ ಕರಗುತ್ತದೆ. ಲೆಕ್ಕದ ಪುಸ್ತಕ ಉಳಿಯುವುದಿಲ್ಲ, ಹೊಸ ಹುಡುಗರನ್ನು ತಯಾರು ಮಾಡುವ ಹೊಣೆ ಯಾರದೂ ಅಲ್ಲ. ದುಡ್ಡು ಕೊಡಬಲ್ಲವನಿಗೇ ದೊಡ್ಡ ಪಾತ್ರವಾದರೆ ಕಂಠವಿದ್ದೂ ಕಾಸಿಲ್ಲದವನು ಚಾಪೆಯ ಮೇಲೇ ಉಳಿಯುತ್ತಾನೆ. ಊರಿನ ಹೆಣ್ಣುಮಕ್ಕಳಿಗೆ ರಂಗದ ಮೇಲೆ ಜಾಗ ಸಿಕ್ಕಿದ್ದು ತೀರಾ ಅಪರೂಪ. ಯಾರು ಯಾರ ಪಕ್ಕ ಕೂರಬೇಕು ಎಂಬ ಜಾತಿಯ ಕಟ್ಟಳೆಯನ್ನು ಈ ನಾಟಕ ತಾನಾಗಿ ಮುರಿಯಲೂ ಇಲ್ಲ.

ಆ ಕಟ್ಟಳೆಯನ್ನು ಕೆಣಕಿದ್ದು ಎಪ್ಪತ್ತರ ದಶಕದ ಚಳವಳಿಗಳು. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ನಾಟಕವನ್ನು ಬೀದಿಗೆ ತಂದಿತು. ದಲಿತ ಸಂಘರ್ಷ ಸಮಿತಿಯ ಹಾಡುಗಳು ಕೇರಿಗಳಿಗೆ ದನಿ ಕೊಟ್ಟವು. ಅಲ್ಲಿಂದಲೇ ಬಂದ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಗೆಳೆಯರ ಜೊತೆಗೂಡಿ ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ್ದು ಆದಿಮ ಸಾಂಸ್ಕೃತಿಕ ಕೇಂದ್ರ. ಅವರ ‘ನಾಯಿ ತಿಪ್ಪ’, ‘ಹಕ್ಕಿ ಹಾಡು’ ನಾಟಕಗಳ ಬಗ್ಗೆ ಚರ್ಚೆ ನಡೆದಿದೆ. ನನಗೆ ಅಷ್ಟೇ ಮುಖ್ಯವಾಗಿ ಕಾಣುವುದು ‘ಹುಣ್ಣಿಮೆ ಹಾಡು’. ಪ್ರತಿ ಹುಣ್ಣಿಮೆಯ ರಾತ್ರಿ ಬೆಟ್ಟದ ಮೇಲೆ ನಾಟಕ ಅಥವಾ ಹಾಡು; ಅದು ನೂರರ ಗಡಿಯನ್ನೂ ದಾಟಿತು. ತಿಂಗಳು ತಪ್ಪದೆ ಒಂದು ತಂಡವನ್ನು ಕರೆಸುವುದು, ದೀಪ, ಧ್ವನಿ, ಊಟದ ವ್ಯವಸ್ಥೆ ನೋಡುವುದು, ಬೆಟ್ಟ ಹತ್ತುವ ಅಭ್ಯಾಸವನ್ನು ಪ್ರೇಕ್ಷಕರಲ್ಲಿ ಬೆಳೆಸುವುದು ನಾಟಕ ಬರೆದಷ್ಟೇ ಕಷ್ಟದ ಸೃಷ್ಟಿ. ತಿಥಿಯೇ ದಿನಾಂಕವಾದ್ದರಿಂದ ಹಳ್ಳಿಯವರಿಗೆ ಆಮಂತ್ರಣ ಪತ್ರಿಕೆಯೂ ಬೇಕಿರಲಿಲ್ಲ. ಎಂಥ ಬುದ್ಧಿವಂತ ಏರ್ಪಾಡು! ಮಕ್ಕಳಿಗಾಗಿ ನಡೆಸಿದ ಚುಕ್ಕಿ ಮೇಳ ಪೌರಾಣಿಕ ತಂಡಗಳು ಬಿಟ್ಟುಹೋದ, ಹೊಸಬರನ್ನು ತಯಾರು ಮಾಡುವ ಕೆಲಸವನ್ನೇ ಎತ್ತಿಕೊಂಡಿತು.

ಆದಿಮದ ಮುಂದೆಯೂ ಒಂದು ಗಟ್ಟಿ ಪ್ರಶ್ನೆ ಇಡಲೇಬೇಕು. ಅದರ ಹೆಸರು ಎತ್ತಿದೊಡನೆ ರಾಮಯ್ಯನವರ ಹೆಸರೇ ಬರುತ್ತದೆ. ಒಬ್ಬ ದೊಡ್ಡ ಪ್ರತಿಭಾವಂತನ ಸುತ್ತ ಬೆಳೆದ ಎಲ್ಲ ಬಳಗಗಳಿಗೂ ಇರುವ ಅಪಾಯ ಇದು. ಎರಡನೆಯ ಸಾಲಿನವರು ತಾವೇ ತೀರ್ಮಾನ ತೆಗೆದುಕೊಂಡು ತಂಡ ನಡೆಸಬಲ್ಲರೇ? ಹೆಗ್ಗೋಡು ಈ ಪರೀಕ್ಷೆಗೆ ಉತ್ತರ ಕೊಟ್ಟಿದೆ. ಬೆಳವಣಿಗೆಯನ್ನು ಕಟ್ಟಡದಿಂದ, ಉತ್ಸವದ ಗದ್ದಲದಿಂದ ಅಳೆಯುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಹಾಗಾಗಿ ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲಿ ಇನ್ನೊಂದು ಸನ್ಮಾನ ಸಮಾರಂಭ ಮಾಡಿದರೆ ಸಾಲದು. ಅಕಾಡೆಮಿ ವರ್ಷಕ್ಕೆ ಒಂದಾದರೂ ತಂಡವನ್ನು ಅದರ ಸಂಘಟನೆಗಾಗಿಯೇ ಆರಿಸಲಿ. ಆರಿಸುವವರು ಪ್ರಯೋಗವೊಂದನ್ನು ನೋಡಿ ಎದ್ದು ಬರದೆ ತಾಲೀಮಿಗೆ ಹೋಗಲಿ, ಲೆಕ್ಕದ ಪುಸ್ತಕ ತೆಗೆಸಲಿ, ಐದು ವರ್ಷದ ಹಿಂದೆ ಪರದೆ ಎಳೆಯುತ್ತಿದ್ದ ಹುಡುಗಿ ಇಂದು ಏನು ಮಾಡುತ್ತಿದ್ದಾಳೆ ಎಂದು ವಿಚಾರಿಸಲಿ. ಬಹುಮಾನವಾಗಿ ಮೂರು ವರ್ಷದ ತಾಲೀಮು ಜಾಗದ ಬಾಡಿಗೆ ಕೊಡಲಿ, ಹತ್ತಾರು ಊರಿನ ತಂಡಗಳು ಹಂಚಿಕೊಂಡು ಬಳಸುವ ಒಂದು ಜೊತೆ ದೀಪಗಳನ್ನು ಕೊಡಲಿ. ಶ್ರೀನಿವಾಸಪುರದ ಹಳ್ಳಿಯೊಂದರ ಪೌರಾಣಿಕ ತಂಡವೂ ಅರ್ಜಿ ಹಾಕಬಹುದಾದಷ್ಟು ಆ ಅರ್ಜಿ ಸರಳವಾಗಿರಲಿ.