ಕಸೂತಿಯ ಒಳಮೈ



ಕಸೂತಿ ಹಾಕಿದ ಇಳಕಲ್ ಸೀರೆಯೊಂದನ್ನು ಕೈಗೆ ಕೊಟ್ಟರೆ ನಾವು ಸಾಮಾನ್ಯವಾಗಿ ಅದರ ಹೊರಮೈಯನ್ನೇ ನೋಡುತ್ತೇವೆ. ಗೋಪುರ, ತೇರು, ಆನೆ, ಅಂಬಾರಿ, ನವಿಲು, ತೊಟ್ಟಿಲು ಇವೆಲ್ಲ ಕಣ್ಣಿಗೆ ಹಬ್ಬವಾಗುತ್ತವೆ. ಕೆಲಸ ಬಲ್ಲವರು ಮಾತ್ರ ಸೆರಗನ್ನು ತಿರುವಿ ಒಳಮೈಯನ್ನು ನೋಡುತ್ತಾರೆ. ಹೊರಮೈ ಚೆಲುವನ್ನು ತೋರಿಸಿದರೆ ಒಳಮೈ ಆ ಚೆಲುವು ಹುಟ್ಟಿದ ಬಗೆಯನ್ನು ತೋರಿಸುತ್ತದೆ. ಕಸೂತಿಯ ಕುರಿತು ಇಂದು ನಾವು ಬರೆಯುವ, ಹೇಳುವ ಮಾತುಗಳನ್ನೂ ಹೀಗೆ ಒಮ್ಮೆ ತಿರುವಿ ನೋಡಬೇಕಾಗಿದೆ.

ಹಳೆಯ ವಿನ್ಯಾಸಗಳನ್ನು ಹುಡುಕಿ ಮತ್ತೆ ಹೊಲಿಯುವ ಹವ್ಯಾಸ ಹಲವು ಮನೆಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಅದರೊಡನೆ ಒಂದು ಮಾತೂ ಬೆಳೆದಿದೆ: ಕಸೂತಿಯು ಚಾಲುಕ್ಯರ ಕಾಲದ ಕಲೆ, ಬಾದಾಮಿಯ ಶಿಲ್ಪಗಳೇ ಅದಕ್ಕೆ ಸಾಕ್ಷಿ ಎಂಬುದು. ಮಾರಾಟದ ಚೀಟಿಗಳಲ್ಲಿಯೂ ಪ್ರದರ್ಶನದ ಫಲಕಗಳಲ್ಲಿಯೂ ಈ ಮಾತು ಕಾಣುತ್ತದೆ. ಹೇಳುವವರ ಅಭಿಮಾನ ದೊಡ್ಡದು, ಸರಿ. ಆದರೆ ಅಭಿಮಾನವು ಪ್ರಮಾಣವಾಗಬಲ್ಲುದೇ?

ಮೊದಲು ಕೆಲಸವನ್ನೇ ನೋಡೋಣ. ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆಗಳಿವೆ: ಗಾವಂತಿ, ಮುರಿಗಿ, ನೇಗಿ, ಮೆಂತೆ. ಗಾವಂತಿಯಲ್ಲಿ ಸೂಜಿಯು ಒಂದು ಹೊಲಿಗೆ ಹಾಕಿ ಒಂದು ತೆರಪು ಬಿಟ್ಟು ಮುಂದೆ ಸಾಗುತ್ತದೆ. ಮರಳಿ ಬರುವಾಗ ಬಿಟ್ಟ ತೆರಪುಗಳನ್ನೆಲ್ಲ ತುಂಬುತ್ತದೆ. ಮುರಿಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಇವೆರಡರಲ್ಲಿ ಒಳಮೈ, ಹೊರಮೈ ಒಂದೇ ಆಗಿರುತ್ತವೆ. ನೇಗಿಯು ನೇಯ್ಗೆಯಂತೆ ಕಾಣುತ್ತದೆ, ಮೆಂತೆಯು ಅಡ್ಡಹಾಯುವ ಹೊಲಿಗೆ. ಇವುಗಳ ಒಳಮೈ ಬೇರೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಮುಂದುವರಿಯಬೇಕು. ಹೊರಟ ಸೂಜಿ ಎಲ್ಲ ಕವಲುಗಳನ್ನೂ ಸುತ್ತಿ ಹೊರಟಲ್ಲಿಗೇ ಮರಳಬೇಕಾದರೆ ಇಡೀ ದಾರಿ ಮೊದಲೇ ಮನಸ್ಸಿನಲ್ಲಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ತಾಯಂದಿರು ಈ ಲೆಕ್ಕವನ್ನು ಕಾಗದವಿಲ್ಲದೆ ಮಾಡಿದರು. ಕೂಸಿನ ಕುಂಚಿಗೆಯಿಂದ ಮದುಮಗಳ ಕಪ್ಪು ಚಂದ್ರಕಾಳಿ ಸೀರೆಯವರೆಗೆ ಅದು ಹರಡಿತು.

ಇನ್ನು ಬಾದಾಮಿಗೆ ಬರೋಣ. ಅಲ್ಲಿಯ ಮೂರನೆಯ ಗುಹೆಯನ್ನು ಮಂಗಲೇಶನು ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಮಾಡಿಸಿದನೆಂದು ಶಾಸನವೇ ಹೇಳುತ್ತದೆ. ಕಂಬಗಳ ಮೇಲಿನ ದಂಪತಿ ಶಿಲ್ಪಗಳಲ್ಲಿ ಉಡುಗೆಯ ಮಡಿಕೆಗಳು, ನಡುಪಟ್ಟಿಗಳು ನಯವಾಗಿ ಮೂಡಿವೆ. ಎರಡನೆಯ ಗುಹೆಯ ಛಾವಣಿಯಲ್ಲಿ ಹದಿನಾರು ಮೀನುಗಳೇ ಅರಗಳಾದ ಚಕ್ರವೊಂದಿದೆ. ಇವನ್ನು ಕಂಡವರಿಗೆ ಕಸೂತಿ ನೆನಪಾಗುವುದು ಸಹಜ. ಆದರೆ ಕಲ್ಲಿನಲ್ಲಿ ಕೊರೆದ ಒಂದು ಗೆರೆ ನೇಯ್ಗೆಯ ಪಟ್ಟೆಯೋ, ಅಚ್ಚೊತ್ತಿದ ಬಣ್ಣವೋ, ಸೂಜಿಯ ಕೆಲಸವೋ ಎಂದು ಕಲ್ಲು ಹೇಳುವುದಿಲ್ಲ. ಶಿಲ್ಪಕ್ಕೆ ಒಳಮೈ ಇಲ್ಲ!

ಹೋಲಿಕೆಯೂ ನಮ್ಮನ್ನು ದಾರಿ ತಪ್ಪಿಸಬಲ್ಲುದು. ಕಸೂತಿಯ ಗೋಪುರ ಮೆಟ್ಟಿಲು ಮೆಟ್ಟಿಲಾಗಿರುವುದಕ್ಕೆ ದೇಗುಲದ ಶಿಖರವೊಂದೇ ಕಾರಣವಲ್ಲ. ಎಳೆ ಎಣಿಸುವ ಸೂಜಿಗೆ ಮೆಟ್ಟಿಲೇ ಸುಲಭದ ನಡಿಗೆ. ಮೀನಿನ ಚಕ್ರದ ದುಂಡು ಆ ಸೂಜಿಗೆ ಒಗ್ಗದು. ನಮ್ಮ ಗಾವಂತಿಯನ್ನೇ ಹೋಲುವ ಹೊಲಿಗೆಯೊಂದು 16ನೇ ಶತಮಾನದ ಇಂಗ್ಲೆಂಡಿನ ಅಂಗಿಗಳ ತೋಳಂಚಿನಲ್ಲಿತ್ತು. ಚಿತ್ರಕಾರ ಹಾನ್ಸ್ ಹೋಲ್ಬೈನನ ಭಾವಚಿತ್ರಗಳಲ್ಲಿ ಅದು ಕಾಣುವುದರಿಂದ ಅಲ್ಲಿ ಆ ಹೊಲಿಗೆಗೆ ಅವನ ಹೆಸರೇ ನಿಂತಿದೆ. ಹಾಗೆಂದು ಇಂಗ್ಲೆಂಡಿನವರು ಧಾರವಾಡದಿಂದ ಕಲಿತರೆನ್ನಲು ಬರುವುದೇ? ಎಣಿಸುವ ಬೆರಳುಗಳು ಬೇರೆ ಬೇರೆ ನಾಡುಗಳಲ್ಲಿ ಒಂದೇ ಉಪಾಯವನ್ನು ಕಂಡುಕೊಳ್ಳಬಲ್ಲವು.

ಹಾಗಾದರೆ ಗಟ್ಟಿ ಸಾಕ್ಷ್ಯ ಹೇಗಿರುತ್ತದೆ? ಧರ್ಮಸಭೆಯ ಇತಿಹಾಸದಲ್ಲಿಯೇ ಒಂದು ಉದಾಹರಣೆಯುಂಟು. ಇಂಗ್ಲೆಂಡಿನ ಡರ್ಹಾಮ್ ಪ್ರಧಾನಾಲಯದಲ್ಲಿರುವ ಸಂತ ಕತ್ಬರ್ಟರ ಸಮಾಧಿಯನ್ನು 1827ರಲ್ಲಿ ತೆರೆದಾಗ ಚಿನ್ನದ ಎಳೆಯ ಕಸೂತಿಯುಳ್ಳ ಪೂಜಾವಸ್ತ್ರಗಳು ದೊರೆತವು. ರಾಣಿ ಆಲ್‌ಫ್ಲೆಡ್ ಅವನ್ನು ಧರ್ಮಾಧ್ಯಕ್ಷ ಫ್ರಿತೆಸ್ಟಾನರಿಗಾಗಿ ಮಾಡಿಸಿದಳೆಂದು ಆ ಬಟ್ಟೆಯ ಮೇಲೆಯೇ ಅಕ್ಷರಗಳಲ್ಲಿ ಹೊಲಿಯಲಾಗಿದೆ. ಅವರು ಧರ್ಮಾಧ್ಯಕ್ಷರಾದದ್ದು 909ರಲ್ಲಿ. ರಾಣಿ 916ರೊಳಗೆ ತೀರಿಕೊಂಡಳು. ಹೀಗೆ ಕೆಲಸದ ಕಾಲವು ಏಳು ವರ್ಷಗಳ ಅಂತರದೊಳಗೆ ನಿಶ್ಚಿತವಾಯಿತು. ಊಹೆಗೆ ಇಲ್ಲಿ ಎಡೆಯಿಲ್ಲ. ನಮ್ಮ ಕಡೆಯಾದರೋ ಬಟ್ಟೆಯನ್ನು ಉಟ್ಟರು, ಒಗೆದರು, ಹರಿದಾಗ ಕೌದಿಗೆ ಸೇರಿಸಿದರು. ಮಳೆಯೂ ಗೆದ್ದಲೂ ಉಳಿದುದನ್ನು ಮುಗಿಸಿದವು. ಚಾಲುಕ್ಯರ ಕಾಲದ ಕಸೂತಿ ಎನ್ನಲು ಕೈಯಲ್ಲಿ ಹಿಡಿದು ತೋರಿಸುವಂಥ ಬಟ್ಟೆ ಇಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಕಸೂತಿಯ ಮಾನ ಕುಂದುವುದಿಲ್ಲ.

ನಕಲು ಮಾಡುವವರಿಗೂ ಒಂದು ಪಾಠವಿದೆ. 11ನೇ ಶತಮಾನದ, ಸುಮಾರು 70 ಮೀಟರ್ ಉದ್ದದ ಬಾಯೊ ಕಸೂತಿಯ ಪೂರ್ಣ ಪ್ರತಿಯೊಂದನ್ನು ಇಂಗ್ಲೆಂಡಿನ ಲೀಕ್ ಪಟ್ಟಣದಲ್ಲಿ ಎಲಿಜಬೆತ್ ವಾರ್ಡಲ್ ಎಂಬಾಕೆಯ ಮುಂದಾಳುತನದಲ್ಲಿ ಮಹಿಳೆಯರು 1885-86ರಲ್ಲಿ ಹೊಲಿದರು. ಅವರ ಶ್ರಮ ಅಸಾಧಾರಣವಾದುದು. ಪ್ರತಿ ಇಂದಿಗೂ ರೆಡಿಂಗ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅವರು ಅನುಸರಿಸಿದ್ದು ಛಾಯಾಚಿತ್ರಗಳನ್ನು ಆಧರಿಸಿದ ಚಿತ್ರಗಳನ್ನು. ಮೂಲದ ಅಂಚಿನಲ್ಲಿ ಬತ್ತಲೆಯಾಗಿದ್ದ ಆಕೃತಿಗೆ ಆ ಚಿತ್ರಗಳಲ್ಲಿ ಚಡ್ಡಿ ತೊಡಿಸಲಾಗಿತ್ತು. ಪ್ರತಿಯಲ್ಲಿಯೂ ಚಡ್ಡಿ ಬಂದಿತು! ಚಿತ್ರವನ್ನು ನಂಬಿದವರು ಚಿತ್ರದ ತಪ್ಪನ್ನೂ ಹೊಲಿಯುತ್ತಾರೆ. ಪುಸ್ತಕದ ಚೌಕಳಿ ನೋಡಿ ಕಸೂತಿ ಕಲಿಯುವವರು ಒಂದಾದರೂ ಹಳೆಯ ಸೀರೆಯ ಒಳಮೈಯನ್ನು ಕಂಡಿರಬೇಕು ಎನ್ನುವುದು ಇದಕ್ಕಾಗಿಯೇ.

ಇಳಕಲ್ ಸೀರೆಯೂ ಇದೇ ನ್ಯಾಯವನ್ನು ಬೇಡುತ್ತದೆ. ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಈ ಊರಿನ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಅಣಿಮಾಡಿ, ಎಳೆಗೆ ಎಳೆಯನ್ನು ಕೊಂಡಿಯಾಗಿ ಸಿಕ್ಕಿಸುತ್ತಾರೆ. ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆಯಾಗಿರುವುದು ಹೀಗೆ ಸಾಧ್ಯ. ಈ ಟೋಪತೆನಿ ಸೆರಗು ಬೇಕೆಂದರೆ ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಒಂದೇ ಹಾಸಿನಲ್ಲಿ ಹಲವು ಸೀರೆಗಳನ್ನು ಒಟ್ಟಿಗೆ ನೇಯಲಾಗದು. ಬಾಗಲಕೋಟೆ ಜಿಲ್ಲೆಯ ಮಗ್ಗ ನೆಲವನ್ನು ಕೊಟ್ಟಿತು, ಧಾರವಾಡ ಸೀಮೆಯ ಸೂಜಿ ಅದರ ಮೇಲೆ ಬಿತ್ತಿತು ಎನ್ನಬಹುದು. ಎರಡಕ್ಕೂ ಈಗ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆದರೂ ಯಂತ್ರದ ಹೊಲಿಗೆಯನ್ನು, ಬರಿಯ ಅಚ್ಚನ್ನು ಕೂಡ ಕಸೂತಿಯೆಂದೇ ಮಾರುವುದುಂಟು. ಯಂತ್ರ ಪಾಪವಲ್ಲ, ಕಡಿಮೆ ಹಣವುಳ್ಳವರೂ ಚೆಂದ ಉಡಲಿ. ತಪ್ಪಿರುವುದು ಹೆಸರಿನಲ್ಲಿ. ತಿರುವಿ ನೋಡಿದರೆ ಸತ್ಯ ಅಲ್ಲಿಯೇ ಇರುತ್ತದೆ.

‘ಚಾಲುಕ್ಯರ ಕಲೆ’ ಎಂಬ ಬಿರುದಿನ ನಿಜವಾದ ಕುಂದು ಇಲ್ಲಿದೆ. ಅದು ಹಳಮೆಗೆ ಬೆಲೆ ಕಟ್ಟುತ್ತದೆ, ದುಡಿಮೆಗೆ ಕಟ್ಟುವುದಿಲ್ಲ. ಅರಸರ ಹೆಸರು ಮುಂದೆ ಬಂದಾಗ ಅಡುಗೆಮನೆಯ ಕೆಲಸ ಮುಗಿಸಿ ಕಿಟಕಿಯ ಬೆಳಕಿನಲ್ಲಿ ಎಳೆ ಎಣಿಸಿದ ಹೆಂಗಸು ಹಿಂದೆ ಸರಿಯುತ್ತಾಳೆ. ಡರ್ಹಾಮಿನ ಪೂಜಾವಸ್ತ್ರದಲ್ಲಿಯೂ ಮಾಡಿಸಿದ ರಾಣಿಯ ಹೆಸರಿದೆ, ಪಡೆದ ಧರ್ಮಾಧ್ಯಕ್ಷರ ಹೆಸರಿದೆ. ಹೊಲಿದ ಕೈಗಳ ಹೆಸರಿಲ್ಲ. ಮಂಗಲೇಶನ ಗುಹೆಯ ಕೀರ್ತಿಯೂ ಮಂಗಲೇಶನದೇ.

ಆದುದರಿಂದ, ಓದುಗರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಕಸೂತಿಯ ಸೀರೆಯೋ ಕುಪ್ಪಸವೋ ಕುಂಚಿಗೆಯೋ ಇದ್ದರೆ, ಅಥವಾ ನಿಮ್ಮ ಧರ್ಮಕೇಂದ್ರದಲ್ಲಿ ಯಾರೋ ತಾಯಿ ಹೊಲಿದುಕೊಟ್ಟ ಬಲಿಪೀಠದ ಬಟ್ಟೆಯಿದ್ದರೆ, ಅದನ್ನು ಹೊರತೆಗೆದು ಎರಡೂ ಮೈಗಳನ್ನು ನೋಡಿರಿ. ಯಾವ ಹೊಲಿಗೆ, ಎಷ್ಟು ಬಣ್ಣ, ಬಟ್ಟೆ ಯಾವ ಊರಿನದು, ಯಾರು ಯಾರಿಗಾಗಿ ಯಾವ ವರ್ಷ ಹೊಲಿದರು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದು ಬಟ್ಟೆಯೊಡನೆ ಇಡಿರಿ. ಕಸೂತಿಯ ಇತಿಹಾಸಕ್ಕೆ ಬೇಕಾದ ಸಾಕ್ಷ್ಯವೆಂದರೆ ಇಂಥದೇ. ಹೇಳಬಲ್ಲ ಅಜ್ಜಿಯರು ಇರುವಾಗಲೇ ಕೇಳಿದರೆ ಒಳ್ಳೆಯದು. ಕಲ್ಲು ಕಾಯುತ್ತದೆ, ಅವರು ಕಾಯಲಾರರು.