ಗುರುತಿಸಲಾಗಿಲ್ಲ ಅಂದ್ರೆ, ಯಾರು ಗುರುತಿಸಲಿಲ್ಲ?

ಹೋದ ದೀಪಾವಳಿ ರಜೆಗೆ ತಿಪಟೂರಿಗೆ ಹೋದವಳು ಒಂದು ಪಾಪ ಕಟ್ಟಿಕೊಂಡು ಬಂದೆ. ಸೋದರಮಾವನ ಲ್ಯಾಪ್‌ಟಾಪನ್ನು ಅಪ್‌ಗ್ರೇಡ್ ಮಾಡಿದೆ.

ಹೊಸ ಆವೃತ್ತಿ ಸಿದ್ಧವಿದೆ ಅಂತ ತೆರೆಯ ಮೂಲೆಯಲ್ಲಿ ಒಂದು ಸೂಚನೆ ತಿಂಗಳುಗಟ್ಟಲೆ ಗಿಣಿಪಾಠ ಒಪ್ಪಿಸುತ್ತಿತ್ತು. ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡೋರೆಲ್ಲ ಊರಿನವರ ಪಾಲಿಗೆ ಕಂಪ್ಯೂಟರ್ ಡಾಕ್ಟರುಗಳೇ ಅಲ್ವಾ? ಊಟಕ್ಕೆ ಮುಂಚೆ ಗುಂಡಿ ಒತ್ತಿದೆ, ಸಂಜೆ ಕಾಫಿ ಹೊತ್ತಿಗೆ ಕೆಲಸ ಮುಗಿದಿತ್ತು. ಹೊಸ ಬಣ್ಣ, ಹೊಸ ಐಕಾನು ನೋಡಿ ಮಾವನೂ ಖುಷಿಪಟ್ಟರು. ವಾಪಸ್ ಬರುವಾಗ ರೈಲು ಇನ್ನೂ ತುಮಕೂರು ದಾಟಿರಲಿಲ್ಲ, ಫೋನ್ ಬಂತು.

“ಪುಟ್ಟಿ, ಸ್ಕ್ಯಾನರ್ ಕೈಕೊಡ್ತು ಕಣಮ್ಮಾ. ಗುರುತೇ ಸಿಗ್ತಿಲ್ಲ ಅಂತ ಬರ್ತಿದೆ.”

ಮಾವ ಸ್ಟುಡಿಯೋ ಇಟ್ಟುಕೊಂಡಿದ್ದವರು. ಬಿಸ್ಕತ್ತಿನ ಡಬ್ಬಗಳಲ್ಲಿ, ಬಟರ್ ಪೇಪರಿನ ಕವರುಗಳಲ್ಲಿ ಅವರು 1974ರಿಂದ ತೆಗೆದ ನೆಗೆಟಿವ್‌ಗಳಿವೆ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸಲು ತೆಗೆಸಿಕೊಂಡ ಗಾಬರಿ ಮುಖಗಳು. ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಹತ್ತು ಹನ್ನೆರಡರ ಹಾಗೆ ಅವನ್ನು ಸ್ಕ್ಯಾನ್ ಮಾಡುತ್ತಾ ಕೂತಿದ್ದಾರೆ. ಅದಕ್ಕೆ ಅಂತಲೇ 2009ರಲ್ಲಿ ಮುಚ್ಚಳದಲ್ಲಿ ದೀಪ ಇರುವ ಸ್ಕ್ಯಾನರ್ ಕೊಂಡಿದ್ದು. ಈಗಲೂ ವಾರಕ್ಕೊಬ್ಬರಾದರೂ ಬಂದು, “ಸ್ವಾಮಿ, ನಮ್ಮವ್ವಂದು ಒಂದು ಫೋಟೋ ಇರಬಹುದಾ?” ಅಂತ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಅವ್ವನಿಗೆ ಬೇರೆ ಫೋಟೋನೇ ಇಲ್ಲ.

ಇದಕ್ಕೆ ಅವಸರವೂ ಇದೆ. ಅಸಿಟೇಟ್ ಫಿಲ್ಮು ಸೆಕೆ, ತೇವಕ್ಕೆ ಹಾಳಾಗುತ್ತಾ ಹೋದರೆ ವಿನೆಗರ್ ವಾಸನೆ ಬರುತ್ತೆ. ಆಮೇಲೆ ಸುರುಟಿ, ಮೇಲಿನ ಪದರ ಬಿಟ್ಟುಕೊಳ್ಳುತ್ತೆ. ಒಮ್ಮೆ ಶುರುವಾದರೆ ನಿಧಾನ ಮಾಡಬಹುದು, ಹಿಂದಕ್ಕೆ ತರೋಕೆ ಆಗಲ್ಲ. ಮಾವನ ಎರಡು ಡಬ್ಬಗಳು ಆಗಲೇ ಆ ವಾಸನೆ ಹೊಡೆಯುತ್ತಿವೆ.

ಮಾವ ಮಾರನೇ ದಿನ ಸ್ಕ್ಯಾನರನ್ನು ಊರಿನ ಕಂಪ್ಯೂಟರ್ ಅಂಗಡಿಗೆ ಹೊತ್ತುಕೊಂಡು ಹೋದರು. ಅಲ್ಲಿನ ಹುಡುಗ ತಂತಿ ಚುಚ್ಚಿ, ತೆರೆ ನೋಡಿ, “ಅಂಕಲ್, ಹಳೇ ಪೀಸು. ಹೋಗಿದೆ ಇದು. ಗುಜರಿಗೆ ಹಾಕಿ, ಹೊಸದು ತಗೊಳ್ಳಿ” ಅಂದನಂತೆ. ಅವನದೇನೂ ತಪ್ಪಿಲ್ಲ. ತೆರೆ ಏನು ಹೇಳಿತೋ ಅವನು ಅದನ್ನೇ ಹೇಳಿದ. ನನ್ನ ತಕರಾರು ಇರೋದು ತೆರೆಯ ಮೇಲಿನ ಆ ವಾಕ್ಯದ ಜೊತೆ.

ಒಮ್ಮೆ ಕನ್ನಡ ಮಾಡಿ ಓದಿ ನೋಡಿ: “ಸಾಧನವನ್ನು ಗುರುತಿಸಲಾಗಿಲ್ಲ.” “ಈ ಸಾಧನಕ್ಕೆ ಬೆಂಬಲವಿಲ್ಲ.” ಶಾಲೆಯಲ್ಲಿ ಕಲಿತ ಕರ್ಮಣಿ ಪ್ರಯೋಗ ನೆನಪಿದೆಯಾ? ಆಡುಮಾತಿನಲ್ಲಿ ನಾವು ಅದನ್ನು ಬಳಸೋದೇ ಅಪರೂಪ. “ನನ್ನಿಂದ ಅನ್ನ ಉಣ್ಣಲ್ಪಟ್ಟಿತು” ಅಂತ ಯಾರೂ ಹೇಳಲ್ಲ. ಅದು ಬದುಕಿರೋದು ಸರ್ಕಾರಿ ನೋಟೀಸುಗಳಲ್ಲಿ: ಆದೇಶಿಸಲಾಗಿದೆ, ತಿರಸ್ಕರಿಸಲಾಗಿದೆ. ಆದೇಶಿಸಿದ್ದು ಯಾರು ಅಂತ ಕೇಳಿದರೆ ವಾಕ್ಯದಲ್ಲಿ ಕರ್ತೃವೇ ನಾಪತ್ತೆ. ಕಂಪ್ಯೂಟರಿನ ಭಾಷೆಯೂ ಇದೇ ಜಾತಿಯದು. ಬದಲಾಗಿದ್ದು ಲ್ಯಾಪ್‌ಟಾಪು. ಸ್ಕ್ಯಾನರ್ ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ. ಆದರೆ ವಾಕ್ಯದ ತುಂಬ ಇರೋದು ಸ್ಕ್ಯಾನರಿನ ಹೆಸರೇ. ಕೊಲೆ ಆದವನ ಮೇಲೇ ಕೇಸು ಹಾಕಿದ ಹಾಗೆ.

ಭಾಷೆ ಹೀಗಾದರೆ ಏನಾಗುತ್ತೆ ಅಂದ್ರೆ, ಎರಡು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಚೀಟಿ ಸಿಗುತ್ತೆ. ಯುಎಸ್‌ಬಿ ತಂತಿ ಚುಚ್ಚಿದಾಗ ಕಂಪ್ಯೂಟರು ಮೊದಲು ಕೇಳೋದು, “ನೀನು ಯಾರು?” ಸಾಧನ ಎರಡು ಸಂಖ್ಯೆಗಳಲ್ಲಿ ಉತ್ತರ ಕೊಡುತ್ತೆ. ಒಂದು ತಯಾರಕರದು, ಇನ್ನೊಂದು ಆ ಮಾದರಿಯದು. ಇದು ಮೊದಲ ಮಾತುಕತೆ. ಆಮೇಲೆ ಕಂಪ್ಯೂಟರು ಈ ಸಂಖ್ಯೆ ಹಿಡಿದು ತನ್ನ ಉಗ್ರಾಣದಲ್ಲಿ ಡ್ರೈವರ್ ಹುಡುಕುತ್ತೆ. ಡ್ರೈವರ್ ಅಂದ್ರೆ ದುಭಾಷಿ. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ದಾಟಿಸೋದು ಅದರ ಕೆಲಸ.

ಮೊದಲ ಮಾತುಕತೆಯೇ ಮುರಿದಿದ್ದರೆ ಅನುಮಾನ ಪಡಬೇಕಾದ್ದು ತಂತಿ, ಸಾಕೆಟ್ಟು, ನಡುವಿನ ಹಬ್ಬು, ಇಲ್ಲವೇ ಸಾಧನದೊಳಗಿನ ಬೋರ್ಡನ್ನು. ಮಾತುಕತೆ ಆಗಿ ದುಭಾಷಿ ಮಾತ್ರ ಸಿಗದಿದ್ದರೆ ಸಾಧನಕ್ಕೆ ಬಹುಮಟ್ಟಿಗೆ ಏನೂ ಆಗಿಲ್ಲ. ಮೊದಲನೆಯದು ರಿಪೇರಿಯ ವಿಷಯ, ಎರಡನೆಯದು ಒಂದು ಫೈಲಿನ ವಿಷಯ. ಇಷ್ಟು ದೊಡ್ಡ ವ್ಯತ್ಯಾಸವನ್ನು ಮುಚ್ಚಿಟ್ಟ ಒಂದು ವಾಕ್ಯದ ಮೇಲೆ ನಾವು ಗುಜರಿಯ ತೀರ್ಮಾನ ತಗೋತೀವಿ.

ವಿಂಡೋಸ್ ಬಳಸೋರಿಗೆ ಇದನ್ನು ಪತ್ತೆ ಮಾಡೋದು ಐದು ನಿಮಿಷದ ಕೆಲಸ. ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ತ್ರಿಕೋನ ಇರುವ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ವಿಐಡಿ ಅನ್ನೋದರ ಮುಂದೆ ಬರೀ ಸೊನ್ನೆಗಳಿದ್ದರೆ ಮೊದಲ ಮಾತುಕತೆಯೇ ಆಗಿಲ್ಲ. ತಂತಿ ಬದಲಿಸಿ, ಹಬ್ ತೆಗೆದು ನೇರ ಚುಚ್ಚಿ ನೋಡಿ. ಸರಿಯಾದ ಸಂಖ್ಯೆಗಳಿದ್ದು, ಜೊತೆಗೆ ಕೋಡ್ 28 ಅಂತಿದ್ದರೆ ಡ್ರೈವರ್ ಇಲ್ಲ ಅಂತ ಅರ್ಥ. ಕೋಡ್ 52 ಇದ್ದರೆ ಡ್ರೈವರ್ ಇದೆ, ಅದರ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. ನೋಡಿ, ನಿಜವಾದ ಉತ್ತರ ಕಂಪ್ಯೂಟರಿಗೆ ಗೊತ್ತೇ ಇದೆ! ಅದನ್ನು ಮೂರು ಮೆಟ್ಟಿಲು ಕೆಳಗಿನ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದೆ. ಮೇಲಿನ ತೆರೆಗೆ ಬರೋದು ಮಾತ್ರ ಕರ್ತೃವಿಲ್ಲದ ವಾಕ್ಯ.

ಮುಂದಿನ ಶನಿವಾರ ನಾನು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಂಡು ತಿಪಟೂರಿಗೆ ಹೋದೆ. ಮಾವನ ಹಳೆಯ, ಅಟ್ಟ ಸೇರಿದ್ದ ಇನ್ನೊಂದು ಲ್ಯಾಪ್‌ಟಾಪಿಗೆ ಚುಚ್ಚಿ ಶುರು ಮಾಡಿದರೆ ಸ್ಕ್ಯಾನರಿನ ಎರಡೂ ಸಂಖ್ಯೆ ನೆಟ್ಟಗೆ ಬಂದವು. ಲಿನಕ್ಸಿನಲ್ಲಿ ಸ್ಕ್ಯಾನರುಗಳಿಗೆ ಅಂತಲೇ ಸೇನ್ ಅನ್ನೋ ಮುಕ್ತ ತಂತ್ರಾಂಶ ಇದೆ. ಅದರ ಪಟ್ಟಿಯಲ್ಲಿ ಈ ಮಾದರಿಯೂ ಇತ್ತು. ಗುಂಡಿ ಒತ್ತಿದೆ. ಮುಚ್ಚಳದ ದೀಪ ಹತ್ತಿತು, ಒಳಗಿನ ಪಟ್ಟಿ ಗುರ್ ಅಂತ ಸರಿಯಿತು. “ಹೋಗಿದೆ” ಅಂತ ಸರ್ಟಿಫಿಕೇಟ್ ಪಡೆದಿದ್ದ ಸ್ಕ್ಯಾನರ್!

ಮಾವ ಕೇಳಿದ ಪ್ರಶ್ನೆ ಸರಳವಾಗಿತ್ತು. “ಕಂಪನಿಯವರಿಗೆ ಆಗದೇ ಇದ್ದಿದ್ದು ಈ ಪುಕ್ಕಟೆಯವರಿಗೆ ಹೇಗಮ್ಮಾ ಆಯ್ತು?”

ಆಗಲಿಲ್ಲ ಅಂತಲ್ಲ ಮಾವ, ಬೇಕಾಗಿರಲಿಲ್ಲ. ಇಲ್ಲಿ ಎರಡೂ ಕಡೆಯ ವಾದ ಹೇಳೋದು ನ್ಯಾಯ. ಡ್ರೈವರುಗಳಲ್ಲಿ ಅನೇಕವು ಆಪರೇಟಿಂಗ್ ಸಿಸ್ಟಮ್‌ನ ಗರ್ಭಗುಡಿಯಲ್ಲಿ ಓಡುತ್ತವೆ. ಅಲ್ಲಿ ಒಂದು ತಪ್ಪಾದರೆ ಇಡೀ ಯಂತ್ರವೇ ಕೂರುತ್ತೆ. 2021ರ ಪ್ರಿಂಟ್‌ನೈಟ್‌ಮೇರ್ ದೋಷದಲ್ಲಿ, ಪ್ರಿಂಟರ್ ಡ್ರೈವರ್ ಹಾಕಿಕೊಳ್ಳುವ ಸೌಲಭ್ಯವನ್ನೇ ಏಣಿ ಮಾಡಿಕೊಂಡು ಯಂತ್ರದ ಪೂರ್ತಿ ಅಧಿಕಾರ ಹಿಡಿಯಬಹುದಿತ್ತು. ಆಮೇಲೆ ಮೈಕ್ರೋಸಾಫ್ಟ್ ಆ ನಿಯಮ ಬಿಗಿ ಮಾಡಿತು. ಕಂಪನಿಗೊಂದು ಪ್ರಿಂಟರ್ ಡ್ರೈವರನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತ ಹಂತವಾಗಿ ನಿಲ್ಲಿಸೋದಾಗಿ 2023ರಲ್ಲಿ ಹೇಳಿತು. ಎಲ್ಲ ಪ್ರಿಂಟರುಗಳೂ ಒಂದೇ ಸಾಮಾನ್ಯ ಭಾಷೆ ಆಡಲಿ ಅನ್ನೋದು ಒಳ್ಳೆಯ ಆಲೋಚನೆಯೇ. ವಿಂಡೋಸ್ 11 ಇರೋದು 64 ಬಿಟ್‌ನಲ್ಲಿ ಮಾತ್ರ, ಹಾಗಾಗಿ 32 ಬಿಟ್ ಡ್ರೈವರ್ ಅಲ್ಲಿ ಓಡಲ್ಲ. 2019ರ ಮ್ಯಾಕ್‌ಒಎಸ್ ಕ್ಯಾಟಲೀನಾದಿಂದ 32 ಬಿಟ್ ಅಪ್ಲಿಕೇಶನ್ನುಗಳೂ ಹೋದವು. 2025ರ ಟಾಹೋದಲ್ಲಿ ಫೈರ್‌ವೈರ್ ಬೆಂಬಲವೂ ಹೋಯ್ತು. ಹಳೆಯ ಬಾಗಿಲುಗಳನ್ನೆಲ್ಲ ಎಂದೆಂದಿಗೂ ತೆರೆದಿಟ್ಟರೆ ಕಳ್ಳರಿಗೂ ಅನುಕೂಲ. ಒಪ್ಪಿದೆ.

ಆದರೆ ಬಾಗಿಲು ಮುಚ್ಚುವವರು ಕೀಲಿಕೈಯನ್ನೂ ಬಾವಿಗೆ ಎಸೆಯಬೇಕಾ? ನನ್ನ ಆಕ್ಷೇಪ ಇಷ್ಟೇ. ಸಾಧನ ತಯಾರಿಸಿದ ಕಂಪನಿಗೆ ಹದಿನೈದು ವರ್ಷದ ಹಿಂದಿನ ಮಾದರಿಗೆ ಹೊಸ ಡ್ರೈವರ್ ಬರೆಯೋದರಲ್ಲಿ ಲಾಭ ಇಲ್ಲ, ಬರೆಯಬೇಡಿ. ಆದರೆ ಆ ಸಾಧನ ಆಡುವ ಭಾಷೆಯ ವ್ಯಾಕರಣವನ್ನು ಪ್ರಕಟಿಸಿ. ಬೇಕಾದವರು ದುಭಾಷಿ ಬರೆದುಕೊಳ್ಳುತ್ತಾರೆ. ಸೇನ್‌ನಲ್ಲಿರುವ ಎಷ್ಟೋ ಡ್ರೈವರುಗಳನ್ನು ಸ್ವಯಂಸೇವಕರು ತಂತಿಯಲ್ಲಿ ಹರಿಯುವ ದತ್ತಾಂಶವನ್ನು ಕದ್ದು ಕೇಳಿ, ಊಹಿಸಿ ಊಹಿಸಿ ಬರೆದಿದ್ದಾರೆ. ತಾವು ದುಡ್ಡು ಕೊಟ್ಟು ಕೊಂಡ ವಸ್ತುವಿನ ಮಾತು ಅರ್ಥ ಮಾಡಿಕೊಳ್ಳೋಕೆ ಜನ ಬಾಗಿಲ ಸಂದಿಯಲ್ಲಿ ಕಿವಿ ಇಡಬೇಕಾಗಿದೆ!

ಈ ಜಗಳ ಹೊಸದಲ್ಲ. 1980ರ ಆಸುಪಾಸಿನಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಹಾಕಿಕೊಂಡಾಗ ಬಳಕೆದಾರರಿಗೆ ತಿಳಿಸುವ ಹಾಗೆ ಅದರ ತಂತ್ರಾಂಶವನ್ನು ತಿದ್ದಬೇಕು ಅಂತ ರಿಚರ್ಡ್ ಸ್ಟಾಲ್‌ಮನ್ ಹೊರಟರೆ ಮೂಲ ಸಂಕೇತ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದವರು ಹಂಚಲ್ಲ ಅಂತ ಮಾತು ಕೊಟ್ಟಿದ್ದರು. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಆ ಸಿಟ್ಟೂ ಇತ್ತು. ನಾವು ಇಂದು ಬಳಸುವ ಮುಕ್ತ ತಂತ್ರಾಂಶದ ಚಳವಳಿಯ ಬುಡದಲ್ಲಿ ಒಂದು ಪ್ರಿಂಟರಿನ ಡ್ರೈವರ್ ಇದೆ ಅನ್ನೋದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡಿದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ, ಹೀಗೆ ನಾಲ್ಕು ವಲಯ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಬಂದು, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಎರಡೂ ಸರಿಯೇ. ಆದರೆ ರಿಪೇರಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಸ್ಕ್ರೂ ಡ್ರೈವರು. ಒಂದು ಸ್ಕ್ರೂ ಕೂಡ ಸಡಿಲವಾಗದ ಯಂತ್ರ, ಬರೀ ಫೈಲು ಇಲ್ಲದ ಕಾರಣಕ್ಕೆ ತ್ಯಾಜ್ಯ ಆಗೋದನ್ನು ಯಾವ ಲೆಕ್ಕಕ್ಕೆ ಬರೆಯೋದು? ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಬಹುದು. ಪ್ರಕಟವಾಗದ ವ್ಯಾಕರಣವನ್ನು ಯಾವ ರೋಡಿನಲ್ಲಿ ಹುಡುಕೋಣ?

ನಿಮ್ಮ ಮನೆಯಲ್ಲೂ ಇಂಥದೊಂದು ಇರಬಹುದು. ಅಪ್ಪನ ಪ್ರಿಂಟರ್, ಅಕ್ಕನ ಹಳೆಯ ಸೌಂಡ್ ಕಾರ್ಡ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರೋದರಿಂದ ಈಗ ಮನೆ ಮನೆಯಲ್ಲೂ ಅಪ್‌ಗ್ರೇಡಿನ ಕಾಲ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಗುಂಡಿ ಒತ್ತೋ ಮುಂಚೆ ಮನೆಯವರನ್ನು ಕೇಳಿ, ಈ ಕಂಪ್ಯೂಟರಿಗೆ ಏನೇನು ಚುಚ್ಚುತ್ತೀರಿ ಅಂತ. ಈಗಾಗಲೇ ಕೆಟ್ಟಿದ್ದರೆ ಮೇಲೆ ಹೇಳಿದ ಸಂಖ್ಯೆ ನೋಡಿ. ಡ್ರೈವರ್ ಹುಡುಕುವಾಗ ತಯಾರಕರ ತಾಣ ಬಿಟ್ಟು ಸಿಕ್ಕಸಿಕ್ಕಲ್ಲಿ ಇಳಿಸಿಕೊಳ್ಳಬೇಡಿ, ಮಾಲ್‌ವೇರ್ ಬರೋ ದಾರಿ ಅದು. ಸ್ಕ್ಯಾನರ್ ಆದರೆ ಲಿನಕ್ಸಿನ ಸೇನ್ ಇದೆ, ದುಡ್ಡು ಕೊಡೋದಾದರೆ ವ್ಯೂಸ್ಕ್ಯಾನ್ ಇದೆ. ಕಂಪನಿಗಳೇ ಕೈಬಿಟ್ಟ ಸಾವಿರಾರು ಮಾದರಿಗಳನ್ನು ಅದು ಓಡಿಸುತ್ತೆ. ಯಾವುದೂ ಆಗದಿದ್ದರೆ ಹಳೆಯ ಕಂಪ್ಯೂಟರೊಂದನ್ನು ಇಂಟರ್ನೆಟ್ ಇಲ್ಲದೆ ಅದಕ್ಕೇ ಮೀಸಲಿಡಿ. ಹೊಸದು ಕೊಳ್ಳೋದಾದರೆ ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಕಂಪನಿಯ ಡ್ರೈವರ್ ಇಲ್ಲದೆಯೂ ಇದು ಕೆಲಸ ಮಾಡುತ್ತಾ?

ಮಾವ ಈಗ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾರೆ. ಹೊಸ ಆವೃತ್ತಿಯದರಲ್ಲಿ ಯೂಟ್ಯೂಬ್, ಅಟ್ಟದಿಂದ ಇಳಿಸಿದ್ದರಲ್ಲಿ ಸ್ಕ್ಯಾನರ್. ವಿನೆಗರ್ ವಾಸನೆಯ ಡಬ್ಬಗಳನ್ನು ಮೊದಲು ಮುಗಿಸೋಣ ಅಂತ ದಿನಕ್ಕೆ ಇಪ್ಪತ್ತು ಮಾಡುತ್ತಿದ್ದಾರೆ. ಆ ಶನಿವಾರ ಅವರು ಒಂದು ನೆಗೆಟಿವ್ ತೆಗೆದು ಕಿಟಕಿಗೆ ಅಡ್ಡ ಹಿಡಿದು ತೋರಿಸಿದರು. 1974ರದ್ದು, ಯಾರದೋ ಮದುವೆ. ಬೆಳಕು ಬಿದ್ದದ್ದೇ ತಡ, ಬಾಸಿಂಗ, ಹಾರ, ಹಿಂದೆ ನಿಂತು ಇಣುಕುವ ಮಗು, ಎಲ್ಲಾ ಕಂಡಿತು.

“ಇದಕ್ಕೆ ಡ್ರೈವರ್ ಬೇಕಾಗಿಲ್ಲ ನೋಡು” ಅಂದರು ಮಾವ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ನೆಗೆಟಿವ್ ಕೈಗೆ ಕೊಟ್ಟೆ.